ಒಪ್ಪಿತ ಪಾಠ ಯಾವುದು? ಲಿಪಿ ತಂತ್ರಾಂಶದ ಪರೀಕ್ಷೆಗಳು ಮತ್ತು ಕನ್ನಡ ವಿದ್ವತ್ತು

‘ಸೂರ್ಯ’ ಎಂಬ ಪದವನ್ನು ಅರ್ಕಾವೊತ್ತಿನೊಡನೆ ಬರೆಯುವವರೂ ‘ಸೂರ‍್ಯ’ ಎಂದು ರಕಾರಕ್ಕೆ ಯಕಾರದ ಒತ್ತನ್ನು ಕೊಟ್ಟು ಬರೆಯುವವರೂ ಕನ್ನಡದಲ್ಲಿದ್ದಾರೆ. ‘ರ‍್ಯಾಂಕ್’ ಮೊದಲಾದ ಎರವಲು ಪದಗಳಲ್ಲಿ ಎರಡನೆಯ ರೂಪವೇ ರೂಢಿ. ಓದುಗನಿಗೆ ಇದು ಬರವಣಿಗೆಯ ಸಂಪ್ರದಾಯದ ಭೇದ. ಗಣಕಕ್ಕಾದರೋ ಕಣ್ಣಿಗೆ ಕಾಣದ ಒಂದು ಸಂಕೇತದ ಭೇದ. ಯೂನಿಕೋಡ್ ನಿಯಮದ ಪ್ರಕಾರ ರಕಾರಕ್ಕೂ ವಿರಾಮಚಿಹ್ನೆಗೂ ನಡುವೆ ಝಡ್‌ಡಬ್ಲ್ಯುಜೆ ಎಂಬ ಅದೃಶ್ಯ ಸಂಕೇತ ಬಂದರೆ ಅರ್ಕಾವೊತ್ತು ತಪ್ಪಿ ಒತ್ತಕ್ಷರ ಮೂಡಬೇಕು. ಆದರೆ ಆ ಸಂಕೇತವನ್ನು ವಿರಾಮದ ಅನಂತರ ಇಟ್ಟು ಬೆರಳಚ್ಚು ಮಾಡಿದ ಹಳೆಯ ಕಡತಗಳೂ ಉಂಟು. ಹಾರ್ಫ್‌ಬಜ್ ಎಂಬ ತಂತ್ರಾಂಶವು ಇವೆರಡನ್ನೂ ಒಂದೇ ಎಂದು ಪರಿಗಣಿಸುತ್ತದೆ. ಈ ರಿಯಾಯಿತಿಗಾಗಿ ಕನ್ನಡಕ್ಕೆಂದೇ ಬರೆದ ಕೆಲವು ಸಾಲುಗಳು ಅದರ ಆಕರದಲ್ಲಿವೆ. ಆ ಸಾಲುಗಳನ್ನು ನಾಳೆ ಯಾರಾದರೂ ಅನವಶ್ಯವೆಂದು ಅಳಿಸಿದರೆ ಅದು ಯಾರಿಗೆ, ಯಾವಾಗ ತಿಳಿಯುತ್ತದೆ?

ಹಾರ್ಫ್‌ಬಜ್‌ನ ಹೆಸರು ಕನ್ನಡ ವಿಭಾಗಗಳಲ್ಲಿ ಹೆಚ್ಚು ಪರಿಚಿತವಲ್ಲವಾದರೂ ಅದರ ಕೆಲಸವನ್ನು ದಿನವೂ ಕಾಣದ ಅಧ್ಯಾಪಕರು ವಿರಳ. ಸಂಕೇತಗಳ ಸಾಲನ್ನು ಅಕ್ಷರರೂಪಗಳ ಸಾಲಾಗಿ ಪರಿವರ್ತಿಸುವುದು ಅದರ ಕಾರ್ಯ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಇವೆಲ್ಲವೂ ಇದನ್ನೇ ಅವಲಂಬಿಸಿವೆ. ಹೆಸರು ಪಾರಸಿಯದು, ‘ಓಪನ್‌ಟೈಪ್’ ಎಂಬುದರ ಅನುವಾದ. ಅರಬಿ, ದೇವನಾಗರಿ, ಖ್ಮೇರ್, ಕನ್ನಡ ಮೊದಲಾದ ಹತ್ತಾರು ಲಿಪಿಗಳ ನಿಯಮಗಳು ಒಂದೇ ಆಕರದಲ್ಲಿ ಹೆಣೆದುಕೊಂಡಿರುವುದರಿಂದ ಬಂಗಾಳಿಗಾಗಿ ಮಾಡಿದ ತಿದ್ದುಪಡಿ ಕನ್ನಡವನ್ನು ಕೆಡಿಸುವ ಸಂಭವ ಸದಾ ಇದ್ದೇ ಇದೆ. ತಿದ್ದುವವರಿಗೆ ಕನ್ನಡ ಓದಲು ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಈ ಸಂಭವಕ್ಕೆ ತಂತ್ರಜ್ಞರು ಕಂಡುಕೊಂಡ ಪರಿಹಾರವೇ ಸ್ವಯಂಚಾಲಿತ ಪರೀಕ್ಷೆ. ಅದರ ಸ್ವರೂಪ ತೀರ ಸರಳವಾಗಿದೆ. ಒಂದು ಪಠ್ಯಕಡತ; ಅದರ ಒಂದೊಂದು ಸಾಲೂ ಒಂದೊಂದು ಪರೀಕ್ಷೆ. ಅರ್ಧವಿರಾಮಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳು ಸಾಲಿನಲ್ಲಿರುತ್ತವೆ: ಬಳಸಬೇಕಾದ ಫಾಂಟು, ವಿಶೇಷ ಸೂಚನೆಗಳು, ಯೂನಿಕೋಡ್ ಸಂಕೇತಗಳು, ಕಡೆಯಲ್ಲಿ ಬರಬೇಕಾದ ಉತ್ತರ. ಉತ್ತರವೆಂದರೆ ಯಾವ ಅಕ್ಷರರೂಪಗಳು, ಯಾವ ಕ್ರಮದಲ್ಲಿ, ಎಷ್ಟೆಷ್ಟು ಅಂತರದಲ್ಲಿ ಎಂಬ ವಿವರ. ಕಮಾಂಡ್ ಲೈನಿನಲ್ಲಿ ‘ಮೆಸನ್ ಟೆಸ್ಟ್’ ಎಂಬ ಒಂದು ಆಜ್ಞೆಯನ್ನು ಟೈಪಿಸಿದರೆ ಇಡೀ ಪರೀಕ್ಷಾ ಸಮೂಹ ಓಡುತ್ತದೆ. ಹೆಸರು ಸೂಚಿಸಿದರೆ ಬೇಕಾದ ಒಂದನ್ನಷ್ಟೇ ಓಡಿಸಬಹುದು. ಬಂದ ಉತ್ತರ ನಿರೀಕ್ಷಿತ ಉತ್ತರದೊಡನೆ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಆ ಪರೀಕ್ಷೆ ಸೋತಂತೆ. ಎಲ್ಲವೂ ಗೆದ್ದರೆ ಆಜ್ಞೆಯು ಗಣಕಕ್ಕೆ ಸೊನ್ನೆಯನ್ನು ಹಿಂದಿರುಗಿಸುತ್ತದೆ, ಒಂದೇ ಒಂದು ಸೋತರೂ ಬೇರೆ ಸಂಖ್ಯೆಯನ್ನು. ಕಿಟಕಿ, ಗುಂಡಿ, ಚಿತ್ರಗಳ ಹಂಗಿಲ್ಲದ ಈ ನಿರಾಭರಣ ವ್ಯವಸ್ಥೆಯ ಲಾಭವಿರುವುದೇ ಇಲ್ಲಿ. ಮನುಷ್ಯರಾರೂ ಎದುರಿಗಿರದೆ ಎಲ್ಲಿಯೋ ಇರುವ ಸರ್ವರ್ ಒಂದು ಪ್ರತಿ ತಿದ್ದುಪಡಿಗೂ ಅದೇ ಆಜ್ಞೆಯನ್ನು ಓಡಿಸಿ, ಆ ಸಂಖ್ಯೆಯನ್ನು ನೋಡಿಯೇ ತಿದ್ದುಪಡಿ ಸರಿಯೆಂದೋ ದೋಷಯುಕ್ತವೆಂದೋ ಸಾರಬಲ್ಲದು.

ಹಾಗಾದರೆ ಬರಬೇಕಾದ ಉತ್ತರವನ್ನು ನಿರ್ಧರಿಸುವವರು ಯಾರು? ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದು ಹೊಸ ಪ್ರಶ್ನೆಯಲ್ಲ. ಒಪ್ಪಿತ ಪಾಠವನ್ನು ಗೊತ್ತುಮಾಡುವ ಪ್ರಮಾಣ ಯಾವುದೆಂಬ ಹಳೆಯ ಪ್ರಶ್ನೆಯೇ. 2012ರ ಸುಮಾರಿನಲ್ಲಿ ಹಾರ್ಫ್‌ಬಜ್‌ನ ಭಾರತೀಯ ಲಿಪಿಗಳ ಭಾಗ ರೂಪುಗೊಳ್ಳುತ್ತಿದ್ದಾಗ ವಿಕಿಪೀಡಿಯದಿಂದ ಆಯ್ದ ಪದಪಟ್ಟಿಗಳನ್ನು ಅದರ ಮೂಲಕ ಹಾಯಿಸಲಾಯಿತು. ಕನ್ನಡದ ಪಾಲಿಗೆ ಬಂದವು ಸುಮಾರು 9.5 ಲಕ್ಷ ಪದಗಳು. ಬಂದ ಉತ್ತರವನ್ನು ತಾಳೆ ನೋಡಿದ್ದು ಕನ್ನಡದ ಯಾವುದೇ ಆಕರದೊಡನೆ ಅಲ್ಲ, ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್ ಎಂಬ ಇನ್ನೊಂದು ತಂತ್ರಾಂಶದೊಡನೆ. ಫಾಂಟುಗಳು ಬಹುಮಟ್ಟಿಗೆ ಯೂನಿಸ್ಕ್ರೈಬ್‌ಗೆ ಹೊಂದುವಂತೆಯೇ ತಯಾರಾಗಿದ್ದುದರಿಂದ ಈ ನಿರ್ಧಾರ ವ್ಯಾವಹಾರಿಕವಾಗಿ ಸಮರ್ಥನೀಯವೇ. ಪ್ರತಿಯೊಂದು ತಿದ್ದುಪಡಿಯ ಜೊತೆಯಲ್ಲಿ ಯಾವ ಲಿಪಿಯಲ್ಲಿ ಎಷ್ಟು ಪದಗಳು ಸೋತವೆಂಬ ಲೆಕ್ಕವನ್ನು ದಾಖಲಿಸಿದ ಶ್ರದ್ಧೆಯೂ ಮೆಚ್ಚತಕ್ಕದ್ದು. ಆದರೂ ಎರಡು ತಂತ್ರಾಂಶಗಳು ಒಂದೇ ಉತ್ತರ ಕೊಟ್ಟವೆಂದ ಮಾತ್ರಕ್ಕೆ ಆ ಉತ್ತರ ಕನ್ನಡದ್ದಾಗುವುದಿಲ್ಲ. ಒಂದೇ ಮಾತೃಕೆಯಿಂದ ನಕಲಾದ ಎರಡು ಹಸ್ತಪ್ರತಿಗಳ ಸಾಮ್ಯವನ್ನು ಯಾವ ಸಂಪಾದಕರೂ ಶುದ್ಧಪಾಠಕ್ಕೆ ಆಧಾರವಾಗಿ ಎಣಿಸುವುದಿಲ್ಲವಷ್ಟೆ. ಮೇಲಾಗಿ ವಿಕಿಪೀಡಿಯದ ಪದಪಟ್ಟಿ ಎಷ್ಟೇ ದೊಡ್ಡದಾದರೂ ಅದು ಮುಖ್ಯವಾಗಿ ಹೊಸಗನ್ನಡದ ಪಟ್ಟಿ. ‘ಕೞ್ತಲೆ’, ‘ಪೊೞಲ್’, ‘ತೊಱೆ’ಗಳು ಅಲ್ಲಿ ಯದೃಚ್ಛೆಯಿಂದ ಸಿಕ್ಕರೆ ಸಿಕ್ಕಿಯಾವು.

ೞಕಾರದ ಪ್ರಸ್ತಾಪ ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರದ ಅಧಿಕೃತ ಹೆಸರು ಇಂದಿಗೂ ‘ಕನ್ನಡ ಲೆಟರ್ ಎಫ್‌ಎ’, ಅಂದರೆ ‘ಫ’! 1991ರ ಮೊದಲ ಆವೃತ್ತಿಯಲ್ಲಿ ನುಸುಳಿದ ತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಆಮೇಲೆ ಜಾರಿಗೆ ಬಂದುದರಿಂದ ಸರಿಯಾದ ಹೆಸರು ಕೇವಲ ಪರ್ಯಾಯನಾಮವಾಗಿ ಪಕ್ಕದಲ್ಲಿ ನಿಂತಿದೆ. ಹಳಗನ್ನಡ ಬಲ್ಲವರೊಬ್ಬರು ಆ ಪಟ್ಟಿಯನ್ನು ಸಕಾಲದಲ್ಲಿ ಒಮ್ಮೆ ನೋಡಿದ್ದರೆ ಸಾಕಿತ್ತು.

ಇದು ತಂತ್ರಜ್ಞರ ಕೆಲಸ, ಕನ್ನಡ ವಿಭಾಗಗಳದ್ದಲ್ಲ ಎಂಬ ಆಕ್ಷೇಪಣೆ ಸಹಜವಾಗಿಯೇ ಬರುತ್ತದೆ. ಅದರಲ್ಲಿ ಸ್ವಲ್ಪ ಹುರುಳೂ ಇದೆ: ಪರೀಕ್ಷೆಯ ಸಾಲಿನಲ್ಲಿರುವ ಉತ್ತರ ಅಕ್ಷರಗಳ ರೂಪದಲ್ಲಿರದೆ ಆಯಾ ಫಾಂಟಿನ ಒಳಗಿನ ರೂಪಗಳ ಹೆಸರು ಇಲ್ಲವೆ ಸಂಖ್ಯೆಗಳಾಗಿರುತ್ತದೆ, ಅದನ್ನು ಓದಿ ಸರಿತಪ್ಪು ಹೇಳಲು ಪಂಡಿತರಿಗೂ ಆಗದು. ಆದರೆ ಅದೇ ತಂತ್ರಾಂಶದ ಜೊತೆಗೆ ಬರುವ ‘ಎಚ್‌ಬಿ-ವ್ಯೂ’ ಎಂಬ ಉಪಕರಣ ಫಾಂಟು ಮತ್ತು ಪದವನ್ನು ಕೊಟ್ಟರೆ ಚಿತ್ರವನ್ನೇ ಮುಂದಿಡುತ್ತದೆ. ಚಿತ್ರವನ್ನು ನೋಡಿ ಹೌದು, ಅಲ್ಲ ಎನ್ನುವುದು ಕನ್ನಡ ಬಲ್ಲವರ ಕೆಲಸ. ಹೌದೆಂದುದನ್ನು ಸಂಖ್ಯೆಗಳಿಗೆ ಇಳಿಸುವುದು ಗಣಕದ ಕೆಲಸ. ನಡುವೆ ಪ್ರೋಗ್ರಾಮಿಂಗ್ ಕಲಿಯಬೇಕಾದ ಪ್ರಮೇಯವೇ ಇಲ್ಲ.

ವಿಭಾಗಗಳು ಮೊದಲು ಮಾಡಬೇಕಾದದ್ದು ಪಟ್ಟಿ. ಲಕ್ಷಗಟ್ಟಲೆ ಪದಗಳು ಬೇಡ; ಚೆನ್ನಾಗಿ ಆಯ್ದ ಮುನ್ನೂರು ನಾಲ್ಕುನೂರು ಸಾಕು. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ಗಳಂತಹ ಮೂರು ವ್ಯಂಜನಗಳ ಒತ್ತುಗಳು, ‘ಅರ್ಘ್ಯ’, ‘ಆರ್ದ್ರ’ಗಳಲ್ಲಿ ಒತ್ತಿನೊಡನೆ ಕೂಡಿಬರುವ ಅರ್ಕಾವೊತ್ತು, ೞ ಱಗಳು ಒತ್ತಾಗಿಯೂ ಒತ್ತು ಪಡೆದೂ ಬರುವ ರೂಪಗಳು ಅದರಲ್ಲಿರಬೇಕು. ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಗೆ ಒಂದು ಅವಧಿಯ ಅಭ್ಯಾಸವಾಗಿ ಇದನ್ನು ಇಡಬಹುದು. ಪಟ್ಟಿಯ ಪ್ರತಿ ಪದಕ್ಕೂ ಅಚ್ಚಾದ ಪುಸ್ತಕದಿಂದಲೋ ಶಾಸನದ ಪಡಿಯಚ್ಚಿನಿಂದಲೋ ಒಂದು ಆಧಾರವನ್ನು ಸೂಚಿಸಬೇಕು. ‘ಸೂರ್ಯೋದಯ’ದಲ್ಲಿ ದೀರ್ಘದ ಚಿಹ್ನೆ ಮೊದಲೋ ಅರ್ಕಾವೊತ್ತು ಮೊದಲೋ ಎಂಬಷ್ಟು ಸಣ್ಣ ಪ್ರಶ್ನೆಗೂ ಅಚ್ಚುಮೊಳೆಯ ಕಾಲದ ಪುಟಗಳನ್ನು ತಿರುವಿಹಾಕಿಯೇ ಉತ್ತರ ಹೇಳಬೇಕಾದೀತು.