ತಪಾಸಣೆ ಮುಂದುವರಿಸಬೇಕೇ? ಮೊದಲು ಅವರನ್ನು ಕೇಳಿ

ಹೊಸಹೊಳಲಿನಂತಹ ಊರುಗಳಲ್ಲಿ ಸ್ತನ ಕ್ಯಾನ್ಸರ್‌ನ ಮಾತು ಬಂದರೆ ಮನೆಯ ಹಿರಿಯ ಮಹಿಳೆಯರು ಸೆರಗು ಸರಿಪಡಿಸಿಕೊಂಡು ಮಾತು ಬದಲಿಸುತ್ತಾರೆ. ಗಂಡಸರಂತೂ ಎದ್ದು ಹೊರನಡೆಯುತ್ತಾರೆ. ಇದನ್ನು ನಾವು ಲಜ್ಜೆಯೆಂದು ಕರೆಯುತ್ತೇವೆ. ಲಜ್ಜೆಯು ವಿಶ್ವಾಸದ ಭಾಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೇಹದಲ್ಲಿ ಎದ್ದ ಗಂಟನ್ನು ಎರಡು ವರ್ಷ ಮುಚ್ಚಿಡುವುದು ಲಜ್ಜೆಯಾಗದು. ಧರ್ಮದ ತಿಳುವಳಿಕೆ ಪಡೆಯುವಲ್ಲಿ ನಾಚಿಕೆಯನ್ನು ಅಡ್ಡಿಯಾಗಲು ಬಿಡದ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದರು. ಕೇಳಿದ ಪ್ರಶ್ನೆಗಳು ಅತ್ಯಂತ ಖಾಸಗಿಯಾಗಿದ್ದವು.

ಇನ್ನೊಂದು ಅತಿರೇಕವೂ ಇದೆ. ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ದುಡಿಯುವ ಮಗ ರಜೆಯಲ್ಲಿ ಬರುತ್ತಾನೆ, ಎಪ್ಪತ್ತೆಂಟರ ತಾಯಿಯನ್ನು ಕಾರಿನಲ್ಲಿ ಕೂರಿಸಿ ಖಾಸಗಿ ಆಸ್ಪತ್ರೆಯ 'ಪ್ಯಾಕೇಜ್' ತಪಾಸಣೆಗೆ ಕರೆದೊಯ್ಯುತ್ತಾನೆ. ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಈ ಪರೀಕ್ಷೆ ಏಕೆ, ಅದರಿಂದ ಏನು ತಿಳಿಯುತ್ತದೆ, ತಿಳಿದ ಬಳಿಕ ಏನು ಮಾಡಬೇಕಾಗುತ್ತದೆ ಎಂದು ಆ ತಾಯಿಗೆ ಯಾರೂ ಹೇಳಿರುವುದಿಲ್ಲ. ಆಕೆಯ ಅಭಿಪ್ರಾಯವನ್ನಂತೂ ಕೇಳಿರುವುದೇ ಇಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಅರಿಯಬೇಕು. ಗಂಟು, ಮೊಲೆತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದುಕೊಳ್ಳುವುದು, ಕಂಕುಳಲ್ಲಿ ಊತ - ಇವುಗಳಲ್ಲಿ ಯಾವುದು ಕಂಡರೂ ವಯಸ್ಸಿನ ಲೆಕ್ಕಾಚಾರವೇ ಇಲ್ಲ. ತೊಂಬತ್ತರ ಅಜ್ಜಿಯನ್ನೂ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಯಾವ ಲಕ್ಷಣವೂ ಇಲ್ಲದವರನ್ನು ನಿಯಮಿತವಾಗಿ ಪರೀಕ್ಷಿಸುವುದು ಬೇರೆ ವಿಷಯ. 'ಮುಂದುವರಿಸಬೇಕೇ' ಎಂಬ ಪ್ರಶ್ನೆ ಅದಕ್ಕೆ ಮಾತ್ರ ಸಂಬಂಧಿಸಿದ್ದು.

ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರನ್ನು 5 ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದ ಪರೀಕ್ಷಿಸಬೇಕು. ಇದನ್ನು ಅಲ್ಪವೆಂದು ಭಾವಿಸಬೇಕಾಗಿಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಸಂಸ್ಥೆಯು ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿದ ಸುದೀರ್ಘ ಅಧ್ಯಯನವು 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದ 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಆದ್ದರಿಂದ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಐವತ್ತು, ಅರವತ್ತರ ತಾಯಂದಿರನ್ನು ಒಳಕೋಣೆಗೆ ಕಳುಹಿಸುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ 65ರ ನಂತರ? ಕಾರ್ಯಕ್ರಮ ಅಲ್ಲಿಗೆ ನಿಲ್ಲುತ್ತದೆ, ರೋಗ ನಿಲ್ಲುವುದಿಲ್ಲ. ಬ್ರಿಟನ್‌ನಲ್ಲಿ ಮ್ಯಾಮೋಗ್ರಫಿಯ ಕರೆ 71ನೇ ಹುಟ್ಟುಹಬ್ಬದವರೆಗೆ ಬರುತ್ತದೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 74ರವರೆಗೆ ಶಿಫಾರಸು ಮಾಡಿ, 75ರ ನಂತರ ಪರವಾಗಿಯೋ ವಿರುದ್ಧವಾಗಿಯೋ ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಕಾರಣ ಸರಳವಾಗಿದೆ. ತಪಾಸಣೆಯ ಫಲ ತಕ್ಷಣ ದೊರೆಯುವುದಿಲ್ಲ. ಮ್ಯಾಮೋಗ್ರಫಿಗೆ ಒಳಗಾದ 1000 ಮಹಿಳೆಯರಲ್ಲಿ ಒಬ್ಬರ ಸಾವು ತಪ್ಪಬೇಕಾದರೆ ಸುಮಾರು 10 ವರ್ಷ ಬೇಕೆಂದು ಪಾಶ್ಚಾತ್ಯ ಅಧ್ಯಯನಗಳು ಹೇಳುತ್ತವೆ. ಹಾನಿಯಾದರೋ ಅಂದೇ ಆರಂಭ: ಸುಳ್ಳು ಶಂಕೆ, ಸೂಜಿ ಚುಚ್ಚಿ ಮಾಂಸದ ತುಣುಕಿನ ಪರೀಕ್ಷೆ, ವಾರಗಟ್ಟಲೆ ನಿದ್ದೆಯಿಲ್ಲದ ರಾತ್ರಿಗಳು. ಜೀವಮಾನವಿಡೀ ತೊಂದರೆ ಕೊಡದಿರಬಹುದಾಗಿದ್ದ ಗಡ್ಡೆಗೆ ಶಸ್ತ್ರಚಿಕಿತ್ಸೆಯೂ ಆದೀತು.

ಆದ್ದರಿಂದ ವಯಸ್ಸಿನ ಅಂಕೆಯೊಂದೇ ಉತ್ತರವಲ್ಲ. ಎಪ್ಪತ್ತೆರಡರಲ್ಲೂ ಹೊಲಕ್ಕೆ ಬುತ್ತಿ ಹೊತ್ತು ನಡೆಯುವ ಗಟ್ಟಿಮುಟ್ಟಾದ ಮಹಿಳೆ ತಪಾಸಣೆ ಮುಂದುವರಿಸುವುದರಲ್ಲಿ ಅರ್ಥವಿದೆ. ಅಕ್ಕನಿಗೋ ತಂಗಿಗೋ ಈ ರೋಗ ಬಂದಿದ್ದರೆ ಇನ್ನೂ ಹೆಚ್ಚು. ಹೃದಯ, ಮೂತ್ರಪಿಂಡ ಸೋತು ಹಾಸಿಗೆ ಹಿಡಿದವರಿಗೆ ಅದು ಬರೀ ಹಿಂಸೆ. ಅಲ್ಲಿ ನಿಲ್ಲಿಸುವುದು ಕೈಬಿಡುವುದಲ್ಲ, ನಿರ್ಲಕ್ಷ್ಯವೂ ಅಲ್ಲ. ಅಲ್ಲಾಹನ ಮೇಲೆ ಭರವಸೆ ಇಡುವವರು ಒಂಟೆಯನ್ನು ಕಟ್ಟಿಯೇ ಇಡಬೇಕು ನಿಜ. ಯಾವ ಹಗ್ಗದಿಂದ ಎಂಬುದನ್ನು ಮಾತ್ರ ಯೋಚಿಸಬೇಕಾಗುತ್ತದೆ.

ಹೆತ್ತವರ ಸೇವೆಯೆಂದರೆ ಅವರ ಪರವಾಗಿ ಎಲ್ಲವನ್ನೂ ತೀರ್ಮಾನಿಸುವುದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಸಮಾಲೋಚನೆಯನ್ನು ಮಸೀದಿ ಸಮಿತಿಗೆ ಮೀಸಲಿಟ್ಟು, ತಾಯಿಯ ದೇಹದ ವಿಷಯದಲ್ಲಿ ಮರೆಯುವುದು ವಿಚಿತ್ರ. ಮಗಳೋ ಸೊಸೆಯೋ ಏಕಾಂತದಲ್ಲಿ ಕುಳಿತು ಕೇಳಲಿ: "ಅಮ್ಮಾ, ಪರೀಕ್ಷೆಯಲ್ಲಿ ಏನಾದರೂ ಕಂಡರೆ ಆಪರೇಷನ್ ಮಾಡಿಸಿಕೊಳ್ಳುತ್ತೀರಾ?" ಬೇಡವೆಂದರೆ ಪರೀಕ್ಷೆ ಏಕೆ ಎಂಬುದನ್ನು ವೈದ್ಯರೊಡನೆ ಮಾತನಾಡಬೇಕು. ಭಯದಿಂದ ಬೇಡವೆನ್ನುತ್ತಿದ್ದಾರೆಯೇ, ಖರ್ಚಿನ ಚಿಂತೆಯಿಂದಲೇ, ಗಂಡು ವೈದ್ಯರು ಮುಟ್ಟುತ್ತಾರೆಂಬ ಸಂಕೋಚದಿಂದಲೇ ಎಂದು ತಿಳಿಯುವುದೂ ಮುಖ್ಯ. ಮಹಿಳಾ ವೈದ್ಯರು ಬೇಕೆಂದು ಮೊದಲೇ ಕೇಳುವ ಹಕ್ಕು ಅವರಿಗಿದೆ. ಎಲ್ಲವನ್ನೂ ಕೇಳಿಸಿಕೊಂಡು ಆಕೆ ಬೇಡವೆಂದರೆ ಅದೇ ಕೊನೆಯ ಮಾತು, ವಿದೇಶದಿಂದ ಮಗ ಎಷ್ಟೇ ಫೋನ್ ಮಾಡಲಿ. ಬೇಕೆಂದರೆ ಕೆ.ಆರ್. ಪೇಟೆಯಿಂದ ಮಂಡ್ಯಕ್ಕೋ ಮೈಸೂರಿಗೋ ಹೋಗುವ ಬಸ್ಸಿನಲ್ಲಿ ಆಕೆಯ ಪಕ್ಕ ಕುಳಿತುಕೊಳ್ಳಲು ಮನೆಯ ಹೆಣ್ಣೊಬ್ಬಳಿಗೆ ಒಂದು ದಿನದ ಬಿಡುವು ಸಿಗಬೇಕು. ಅಂದಿನ ಅಡುಗೆಯನ್ನು ಗಂಡಸರು ಮಾಡಿಕೊಳ್ಳಲಿ.