ತೋರಿಕೆಯ ಹೊಡೆತವೋ, ಗಳಿಕೆಯ ಹೊಡೆತವೋ?

ನಾವು ಹುಡುಗರಾಗಿದ್ದಾಗ ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ಎರಡು ಬಗೆಯ ಆಟಗಾರರಿದ್ದರು. ಒಬ್ಬ ಚಿನ್ನಿದಾಂಡಿನ ವೀರ. ಅವನು ಹೊಡೆದರೆ ಚಿನ್ನಿ ಗದ್ದೆ ಬದು ದಾಟಿ ಬೀಳಬೇಕು. ಸುತ್ತ ನಿಂತವರೆಲ್ಲ ‘ಹೋ’ ಎನ್ನಬೇಕು. ಇನ್ನೊಬ್ಬ ಗೋಲಿಯವನು. ಸದ್ದಿಲ್ಲದೆ ಮಂಡಿಯೂರಿ ಕುಳಿತು, ಒಂದು ಕಣ್ಣು ಮುಚ್ಚಿ, ಗೋಲಿಯನ್ನು ಗುಳಿಗೆ ಬೀಳಿಸುತ್ತಿದ್ದ. ಸಂಜೆ ಮನೆಗೆ ಹೋಗುವಾಗ ಜೇಬು ತುಂಬಿರುತ್ತಿದ್ದುದು ಅವನದೇ.

ಗಾಲ್ಫ್ ಎಂಬ ಆಟದಲ್ಲಿ ಈ ಇಬ್ಬರೂ ಒಬ್ಬನೇ ಆಗಿರಬೇಕು. ಮೊದಲು ದೊಡ್ಡ ದಾಂಡಿನಿಂದ ಚೆಂಡನ್ನು ಇನ್ನೂರು, ಮುನ್ನೂರು ಗಜ ದೂರ ಹೊಡೆಯುವುದು, ಇದು ಡ್ರೈವ್. ಕೊನೆಯಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಅದನ್ನು ಮೆಲ್ಲನೆ ಉರುಳಿಸಿ ಗುಳಿಗೆ ಬೀಳಿಸುವುದು, ಇದು ಪಟ್. ಇಂಥ 18 ಗುಳಿಗಳನ್ನು ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಇಲ್ಲಿ ಒಂದು ಹಳೆಯ ಜಗಳವಿದೆ. ಇವೆರಡರಲ್ಲಿ ಯಾವುದು ಹೆಚ್ಚು?

ನಮ್ಮ ತಾಲ್ಲೂಕಿನ ಮಕ್ಕಳಿಗೂ ಗಾಲ್ಫಿಗೂ ಏನು ಸಂಬಂಧ ಎಂದು ಕೇಳಬೇಡಿ. ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್ ಹೆಸರಿನ ಗಾಲ್ಫ್ ಕ್ಲಬ್ ಇದೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೆ ಈ ಆಟ ನಮ್ಮ ಹಳ್ಳಿಗಳ ಜಗಲಿಗೆ ಬಂದದ್ದು 2021ರ ಆಗಸ್ಟ್ 7ರ ಬೆಳಗ್ಗೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆಂಬ ಸುದ್ದಿ ಹಬ್ಬಿ, ಆಟದ ಗಂಧವಿಲ್ಲದವರೂ ಟಿ.ವಿ. ಮುಂದೆ ಕೂತರು. ಅಂದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದದ್ದರಿಂದ ಬೆಳಗಿನದು ಹಲವರಿಗೆ ಮರೆತುಹೋಯಿತು. ನನಗೆ ಮರೆಯಲಿಲ್ಲ.

ಆಗ ಅದಿತಿಯ ವಯಸ್ಸು 23. ವಿಶ್ವ ಶ್ರೇಯಾಂಕ 200. ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಕೆಲವೇ ವಾರಗಳ ಹಿಂದೆ ಕೊರೊನಾದಿಂದ ಸೊರಗಿದ್ದ ದೇಹ. ಮೊದಲೇ ಅಷ್ಟು ಉದ್ದವಲ್ಲದ ಅವರ ಡ್ರೈವ್ ಇನ್ನೂ ಗಿಡ್ಡವಾಗಿತ್ತು. ಕಣದಲ್ಲಿದ್ದ 60 ಮಂದಿಯಲ್ಲಿ ಉದ್ದ ಹೊಡೆತದ ಲೆಕ್ಕದಲ್ಲಿ ಅವರು ಕೊನೆಯ ಸಾಲಿನವರು. ಆದರೆ ಪಟ್ ಮಾಡುವುದರಲ್ಲಿ ಎಲ್ಲರಿಗಿಂತ ಮುಂದಿನ ಸಾಲಿನವರು. ನಾಲ್ಕು ದಿನಗಳ ಹೊಡೆತಗಳು 67, 66, 68, 68, ಒಟ್ಟು 269. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರದು 267. ಬೆಳ್ಳಿ, ಕಂಚು ಪಡೆದ ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರದೂ 268. ಅದಿತಿ ನಾಲ್ಕನೆಯವರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು.

‘ನೋಡಿದಿರಾ, ಪಟ್ಟೇ ದೊಡ್ಡದು’ ಎಂದು ಒಂದು ಪಕ್ಷ. ‘ಅಲ್ಲ, ಡ್ರೈವ್ ಇನ್ನಷ್ಟು ಉದ್ದವಿದ್ದಿದ್ದರೆ ಪದಕ ಬರುತ್ತಿತ್ತು’ ಎಂದು ಇನ್ನೊಂದು. ಗಾಲ್ಫ್ ಆಡುವವರಲ್ಲಿ ಒಂದು ಹಳೆಯ ಮಾತಿದೆ: ಡ್ರೈವ್ ತೋರಿಕೆಗೆ, ಪಟ್ ಗಳಿಕೆಗೆ. ಗಾದೆ ಚೆನ್ನಾಗಿದೆ. ವಿಜ್ಞಾನದ ಮೇಷ್ಟ್ರ ಕೆಲಸ ಗಾದೆಯನ್ನು ಒಪ್ಪುವುದೂ ಅಲ್ಲ, ಬೈಯುವುದೂ ಅಲ್ಲ, ಅಳೆದು ನೋಡುವುದು.

ಮೊದಲು ಪಟ್‌ನ ಪರವಾಗಿ ಅಳೆಯೋಣ. ಸಾಮಾನ್ಯವಾಗಿ 18 ಗುಳಿಗಳಿಗೆ ನಿಗದಿಯಾದ ಹೊಡೆತಗಳು 72. ಇದರಲ್ಲಿ ಗುಳಿಗೆ ಎರಡರಂತೆ 36 ಪಟ್‌ಗಳೆಂದು ಲೆಕ್ಕ. ಎಂದರೆ ಅರ್ಧಕ್ಕೆ ಅರ್ಧ! ದೊಡ್ಡ ದಾಂಡನ್ನು ಕೈಗೆತ್ತಿಕೊಳ್ಳುವುದು ಹೆಚ್ಚೆಂದರೆ ಸುಮಾರು 14 ಸಲ.

ಪಟ್ ಸುಲಭವೆಂದೂ ತಿಳಿಯಬೇಡಿ. ಗುಳಿಯ ಅಗಲ 108 ಮಿಲಿಮೀಟರ್. ಚೆಂಡಿನ ಅಗಲ ಸುಮಾರು 43. ಮೂರು ಮೀಟರ್ ದೂರದಿಂದ ಹೊಡೆದರೆ, ದಿಕ್ಕು ಎಡಕ್ಕೋ ಬಲಕ್ಕೋ ಒಂದು ಡಿಗ್ರಿಗಿಂತ ಹೆಚ್ಚು ತಪ್ಪುವಂತಿಲ್ಲ. ನಿಮ್ಮ ಜಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ ಒಂದು ಡಿಗ್ರಿ ಎಷ್ಟು ಸಣ್ಣದೆಂದು ನೋಡಿ.

ವೇಗಕ್ಕೂ ಮಿತಿಯಿದೆ. ಗುಳಿಯ ಆಚೆ ಅಂಚನ್ನು ಮುಟ್ಟುವುದರೊಳಗೆ ಚೆಂಡು ತನ್ನ ತ್ರಿಜ್ಯದಷ್ಟು, ಎಂದರೆ ಸುಮಾರು 21 ಮಿಲಿಮೀಟರ್, ಕೆಳಗೆ ಬಿದ್ದಿರಬೇಕು. ವಸ್ತು ಬೀಳುವ ದೂರ ಗುರುತ್ವ ವೇಗೋತ್ಕರ್ಷ ಮತ್ತು ಕಾಲದ ವರ್ಗ ಇವುಗಳ ಗುಣಲಬ್ಧದ ಅರ್ಧ ಎಂದು ತರಗತಿಯಲ್ಲಿ ಕಲಿತಿದ್ದೀರಷ್ಟೆ. ಹಾಕಿ ನೋಡಿದರೆ ಕಾಲ 0.066 ಸೆಕೆಂಡ್. ಅಷ್ಟರಲ್ಲಿ ಅದು ಮುಂದಕ್ಕೆ ಸಾಗಬಹುದಾದ ದೂರ 108ರಲ್ಲಿ 21 ಕಳೆದರೆ 87 ಮಿಲಿಮೀಟರ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 1.3 ಮೀಟರ್. ನಾವು ಸಂತೆಗೆ ನಡೆದುಹೋಗುವ ವೇಗ! ಇದನ್ನು ಸ್ವಲ್ಪ ಮೀರಿದರೂ ಚೆಂಡು ಆಚೆ ಅಂಚಿಗೆ ಬಡಿದು ಒಳಗೆ ಬೀಳಬಹುದು. ಆದರೆ ಅದು ಅದೃಷ್ಟದ ಮಾತು. ಗಂಡಸರ ದೊಡ್ಡ ಪಂದ್ಯಗಳಲ್ಲಿ ಡ್ರೈವ್ ಹೊಡೆದಾಗ ಚೆಂಡು ಗಂಟೆಗೆ ಸುಮಾರು 270 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ. ಅದೇ ಕೈ, ಕೆಲವೇ ನಿಮಿಷಗಳಲ್ಲಿ, ನಡಿಗೆಯ ವೇಗಕ್ಕೆ ಇಳಿಯಬೇಕು.

ಇಷ್ಟು ಕೇಳಿದ ಮೇಲೆ ಪಟ್ಟೇ ಗೆದ್ದಿತೆನ್ನುತ್ತೀರಿ. ಸ್ವಲ್ಪ ತಡೆಯಿರಿ. ಎಣಿಕೆಯಲ್ಲಿ ಹೆಚ್ಚಿರುವುದೇ ಬೇರೆ, ವ್ಯತ್ಯಾಸ ಮಾಡುವುದೇ ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಸಣ್ಣ ಮೊತ್ತವೇನಲ್ಲ. ಆದರೆ ತರಗತಿಯ ಬಹುಪಾಲು ಮಕ್ಕಳಿಗೆ ಅದರಲ್ಲಿ ಹೆಚ್ಚುಕಡಿಮೆ ಒಂದೇ ಅಂಕ ಬಂದರೆ ಅದರಿಂದ ಮೊದಲನೆಯವರು ಯಾರೆಂದು ತೀರ್ಮಾನವಾಗುತ್ತದೆಯೇ? ಇಲ್ಲ. ಪಟ್‌ನ ಕಥೆಯೂ ಹೀಗೆಯೇ. ಆ 36ರಲ್ಲಿ ಎಷ್ಟೋ ಪಟ್‌ಗಳು ಗೇಣುದ್ದ, ಮೊಳದುದ್ದದವು. ವೃತ್ತಿಪರರು ಯಾರೂ ಅವನ್ನು ತಪ್ಪಿಸುವುದಿಲ್ಲ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಇದನ್ನು ಸರಿಯಾಗಿ ಲೆಕ್ಕ ಹಾಕಿದರು. ಅವರ ಉಪಾಯ ಸರಳ. ಎಂಟು ಅಡಿ ದೂರದಿಂದ ವೃತ್ತಿಪರರು ಸುಮಾರು ಅರ್ಧದಷ್ಟು ಸಲ ಒಂದೇ ಪಟ್‌ನಲ್ಲಿ ಮುಗಿಸುತ್ತಾರೆ. ಆದ್ದರಿಂದ ಅಲ್ಲಿಂದ ಸರಾಸರಿ 1.5 ಹೊಡೆತ. ಒಂದರಲ್ಲಿ ಮುಗಿಸಿದವನಿಗೆ ಅರ್ಧ ಹೊಡೆತದ ಲಾಭ, ಎರಡು ತೆಗೆದುಕೊಂಡವನಿಗೆ ಅರ್ಧದ ನಷ್ಟ. ಹೀಗೆ ಡ್ರೈವ್‌ನಿಂದ ಹಿಡಿದು ಪ್ರತಿ ಹೊಡೆತಕ್ಕೂ ಲಾಭನಷ್ಟ ಬರೆದಿಟ್ಟರೆ, ಯಾರು ಎಲ್ಲಿ ಗಳಿಸಿದರು, ಎಲ್ಲಿ ಕಳೆದರು ಎಂಬುದು ಕಿರಾಣಿ ಅಂಗಡಿಯ ಖಾತೆಯಂತೆ ಕಾಣುತ್ತದೆ.

2004ರಿಂದ 2012ರವರೆಗೆ ಅಮೆರಿಕದ ಪಿಜಿಎ ಟೂರಿನ ಅತ್ಯುತ್ತಮ 40 ಮಂದಿ ಉಳಿದವರ ಮೇಲೆ ಗಳಿಸಿದ ಲಾಭ ಎಲ್ಲಿಂದ ಬಂತು? ಡ್ರೈವ್‌ನಿಂದ ಶೇ. 28. ಪಟ್‌ನಿಂದ ಶೇ. 15. ಗುಳಿಯ ಸುತ್ತಮುತ್ತಲಿನ ಗಿಡ್ಡ ಹೊಡೆತಗಳಿಂದ ಶೇ. 17. ಉಳಿದ ಶೇ. 40 ಬಂದದ್ದು ದೂರದಿಂದ ಚೆಂಡನ್ನು ಗುಳಿಯ ಹತ್ತಿರಕ್ಕೆ ತರುವ ನಡುವಿನ ಹೊಡೆತದಿಂದ! ಡ್ರೈವೋ ಪಟ್ಟೋ ಎಂದು ನಾವು ಜಗಳವಾಡುತ್ತಿದ್ದೆವು. ದೊಡ್ಡ ಪಾಲು ನಾವು ಕೇಳದೇ ಇದ್ದ ಕಡೆ ಇತ್ತು.

ಹಾಗಾದರೆ ಗಾದೆ ಸುಳ್ಳೇ? ಪೂರ್ತಿ ಅಲ್ಲ. ಒಂದೊಂದು ವಾರದ ಪಂದ್ಯವನ್ನು ಗೆದ್ದವರನ್ನಷ್ಟೇ ತೆಗೆದುಕೊಂಡರೆ, ಅವರ ಲಾಭದಲ್ಲಿ ಪಟ್‌ನ ಪಾಲು ಸುಮಾರು ಮೂರನೇ ಒಂದಕ್ಕೆ ಏರುತ್ತದೆ. ವರ್ಷಪೂರ್ತಿ ಮುಂದೆ ಇರಿಸುವುದು ಉದ್ದ ಹೊಡೆತಗಳು. ಒಂದು ವಾರ ಎಲ್ಲರನ್ನೂ ದಾಟಿಸುವುದರಲ್ಲಿ ಪಟ್‌ಗೆ ದೊಡ್ಡ ಪಾಲು. ಟೋಕಿಯೊದಲ್ಲಿ ಅದಿತಿಯನ್ನು 200ರಿಂದ ನಾಲ್ಕನೇ ಸ್ಥಾನಕ್ಕೆ ಎತ್ತಿದ್ದರಲ್ಲಿ ಅದರ ಪಾಲು ಎಷ್ಟೆಂದು ನಾವೇ ಕಂಡೆವು.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಒಬ್ಬ ಹುಡುಗ ಓದುತ್ತಿದ್ದ. ಭತ್ತ ಬೆಳೆಯುವ ಮನೆಯವನು. ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನದಲ್ಲಿ 80ಕ್ಕೆ 34 ಬಂತು. ಉತ್ತರಪತ್ರಿಕೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೆಂಪು ಶಾಯಿಯ ಗುರುತುಗಳು. ಏಕಮಾನ ಬರೆದಿಲ್ಲ, ಚಿತ್ರಕ್ಕೆ ಭಾಗಗಳ ಹೆಸರಿಲ್ಲ, ಅಕ್ಷರ ಸೊಟ್ಟ. ಎರಡು ತಿಂಗಳು ಅವನಿಗೆ ಅದನ್ನೇ ತಿದ್ದಿದೆ. ಅವನೂ ಮನಸ್ಸಿಟ್ಟು ತಿದ್ದಿಕೊಂಡ. ಕೊನೆಯ ಪರೀಕ್ಷೆಯಲ್ಲಿ ಬಂದದ್ದು 39. ಆಸೆಪಟ್ಟಿದ್ದ ವಿಜ್ಞಾನದ ಸೀಟು ಸಿಗಲಿಲ್ಲ.

ಅವನ ತಂದೆ ಬಂದು ಕೇಳಿದರು: ‘ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಮಾಡ್ದ. ಅಕ್ಷರ ಮುತ್ತಿನಂಗೆ ಬರೀತಾನೆ. ಮತ್ಯಾಕೆ ಹಿಂಗಾಯ್ತು?’

ಅವರಿಗೆ ಹೇಳಲು ಆಗ ನನ್ನ ಬಳಿ ಉತ್ತರವಿರಲಿಲ್ಲ. ಬ್ರಾಡಿಯವರ ಲೆಕ್ಕವನ್ನು ಓದಿದ ಮೇಲೆ ಆ ಹುಡುಗನ ಹಳೆಯ ಉತ್ತರಪತ್ರಿಕೆಯನ್ನು ಹುಡುಕಿ ತೆಗೆದೆ. ಕಳೆದುಕೊಂಡ 46 ಅಂಕಗಳಲ್ಲಿ ಸಣ್ಣ ತಪ್ಪುಗಳಿಗೆ ಹೋದದ್ದು 8. ಉಳಿದ 38 ಹೋದದ್ದು ವಿದ್ಯುತ್ತು, ಬೆಳಕು, ರಾಸಾಯನಿಕ ಕ್ರಿಯೆಗಳಲ್ಲಿ; ಅಲ್ಲಿ ಅವನು ಏನೂ ಬರೆದೇ ಇರಲಿಲ್ಲ. ಬರೆಯದ ಕಡೆ ಕೆಂಪು ಶಾಯಿಗೆ ಕೆಲಸವೇ ಇರುವುದಿಲ್ಲ. ಖಾಲಿ ಹಾಳೆ ಕಣ್ಣಿಗೆ ಚುಚ್ಚುವುದಿಲ್ಲ. ಡ್ರೈವ್ ಗೊತ್ತಿಲ್ಲದವನಿಗೆ ನಾನು ಎರಡು ತಿಂಗಳು ಪಟ್ ಕಲಿಸಿದ್ದೆ.

ಅದೇ ತರಗತಿಯ ಒಬ್ಬ ಹುಡುಗಿಗೆ 71 ಬಂದಿತ್ತು. ಅವಳು ಕಳೆದುಕೊಂಡ 9ರಲ್ಲಿ 7 ಅವಸರದ ತಪ್ಪುಗಳು. ಅವಳಿಗೆ ಬೇಕಾಗಿದ್ದುದು ಪಟ್. ಅವಳಿಗೋ ನಾನು ‘ಇನ್ನೂ ಹೆಚ್ಚು ಓದಮ್ಮ’ ಎಂದಿದ್ದೆ!

ಆದ್ದರಿಂದ ಡ್ರೈವ್ ದೊಡ್ಡದೋ ಪಟ್ ದೊಡ್ಡದೋ ಎಂಬುದಕ್ಕೆ ಆಟಗಾರ ಯಾರೆಂದು ನೋಡದೆ ಉತ್ತರ ಹೇಳಬಾರದು. ಅವರವರು ಎಲ್ಲಿ ಕಳೆದುಕೊಳ್ಳುತ್ತಿದ್ದಾರೋ ಅಲ್ಲಿಯದೇ ಅವರವರಿಗೆ ದೊಡ್ಡದು.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಕಳೆದ ಕಿರುಪರೀಕ್ಷೆಯ ಉತ್ತರಪತ್ರಿಕೆ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಗೊತ್ತಿರಲಿಲ್ಲ’, ಬಲಕ್ಕೆ ‘ಗೊತ್ತಿತ್ತು, ತಪ್ಪಿತು’ ಎಂದು ಬರೆದು, ಹೋದ ಪ್ರತಿ ಅಂಕವನ್ನೂ ಒಂದು ಕಡೆ ಹಾಕಿ. ಕೂಡಿಸಿ. ಯಾವ ಕಡೆ ಹೆಚ್ಚೋ ಮುಂದಿನ ತಿಂಗಳ ಸಮಯ ಆ ಕಡೆಗೆ.

ಪೋಷಕರಲ್ಲಿ ಒಂದು ವಿನಂತಿ. ಆ ಹಾಳೆಯನ್ನು ನೋಡದೆ ಮಗುವನ್ನು ಟ್ಯೂಷನ್ನಿಗೂ ಹಾಕಬೇಡಿ, ಅಕ್ಷರ ಸರಿಯಿಲ್ಲವೆಂದು ಬೈಯಲೂ ಬೇಡಿ. ಮೇಷ್ಟ್ರ ಬಳಿ ಬರುವಾಗ ಅದನ್ನು ಕೈಯಲ್ಲಿ ಹಿಡಿದು ಬನ್ನಿ. ಆ ತಂದೆ ನನ್ನ ಬಳಿ ಬಂದಾಗ ಅಂಥದೊಂದು ಹಾಳೆ ಅವರ ಕೈಯಲ್ಲೂ ಇರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ.