ಭಾಗವಹಿಸಿದರೆ ಸಾಕೇ?

ರಾಜಾಜಿನಗರದ ನಮ್ಮ ಹುಡುಗಿಯರು ಫುಟ್‌ಬಾಲ್ ಪಂದ್ಯಕ್ಕೆ ಹೊರಟರೆ, ‘ಎದುರಿನವರು ಜೋರು, ಭಾಗವಹಿಸಿ ಬನ್ನಿ, ಸಾಕು’ ಎನ್ನುತ್ತಾರೆ. ಇದು ಮಮತೆಯಲ್ಲ, ಉದಾಸೀನ.

2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಭಾರತದ ಎದುರಿಗಿದ್ದುದು ಏಷ್ಯಾ ಚಾಂಪಿಯನ್ ಕತಾರ್. ಸುನಿಲ್ ಚೆಟ್ರಿಗೆ ಜ್ವರ. ಆದರೂ ಪಂದ್ಯ 0-0. ನಮ್ಮವರು ಚೆಂಡನ್ನು ಬಹುಪಾಲು ಅವರಿಗೇ ಬಿಟ್ಟರು, ಗೋಲಿನ ಮುಂದಿನ ಜಾಗವನ್ನು ಮಾತ್ರ ಬಿಡಲಿಲ್ಲ. ಹಿಂದೆ ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಗೋಡೆಯಂತೆ ನಿಂತರು.

ಇದನ್ನು ಹೇಡಿತನ ಎನ್ನುವವರಿದ್ದಾರೆ. ಪರೀಕ್ಷೆಯಲ್ಲಿ ‘ಗೊತ್ತಿರುವ ಪ್ರಶ್ನೆ ಮೊದಲು ಬರಿ’ ಎನ್ನುವುದೂ ಹೇಡಿತನವೇ? ಬಲ ಕಡಿಮೆಯಿದ್ದವರಿಗೆ ಬೇಕಾದದ್ದು ಉಪಾಯ, ಬರೀ ಧೈರ್ಯದ ಮಾತಲ್ಲ.

ತಾಯಂದಿರೇ, ‘ಸೋತರೂ ಪರವಾಗಿಲ್ಲ’ ಎನ್ನುವವರನ್ನು ಕೇಳಿ: ಸೋಲದಿರಲು ನಮ್ಮ ಹುಡುಗಿಯರಿಗೆ ಏನು ಕಲಿಸಿದಿರಿ?